ಕಂಡಕ್ಟರ್ ಕೂಗುವ ಹೆಸರು

ಮಲ್ಲೇಶ್ವರದ ಹದಿನೆಂಟನೇ ಕ್ರಾಸ್ ದಾಟಿ ಬಸ್ಸು ಯಶವಂತಪುರದ ಕಡೆ ಹೊರಟಿತ್ತು. "ಟಾಟಾ ಇನ್‌ಸ್ಟಿಟ್ಯೂಟ್, ಟಾಟಾ ಇನ್‌ಸ್ಟಿಟ್ಯೂಟ್... ಯಾರ್ರೀ ಇಳಿಯೋರು?" ಎಂದು ಕಂಡಕ್ಟರ್ ಕೂಗಿದರು. ಬೆನ್ನಿಗೊಂದು ಚೀಲ ಏರಿಸಿಕೊಂಡಿದ್ದ ಹುಡುಗ ಬಾಗಿಲ ಹತ್ತಿರವೇ ನಿಂತಿದ್ದ. ಹೊರಗೂರಿನಿಂದ ಬಂದವನಿರಬೇಕು. "ಸರ್, ಐಐಎಸ್‌ಸಿ ಇನ್ನೆಷ್ಟು ದೂರ?" ಎಂದು ಕೇಳಿದ. "ಇದೇ ಕಣಪ್ಪಾ, ಇಳಿ ಬೇಗ!" ಹುಡುಗ ತಬ್ಬಿಬ್ಬಾಗಿ ಇಳಿದ, ಗೇಟಿನ ಫಲಕ ನೋಡಿ ಧೈರ್ಯ ತಂದುಕೊಂಡು ಒಳಗೆ ನಡೆದ.

ಈ ವಾರ ಕಂಡದ್ದು ಇಷ್ಟೇ. ಫಲಕದ ಮೇಲೆ ಇರುವುದು 'ಭಾರತೀಯ ವಿಜ್ಞಾನ ಸಂಸ್ಥೆ'. ಆ ಹೆಸರಿನಲ್ಲಿ ಟಾಟಾ ಇಲ್ಲ. ಸಂಸ್ಥೆಗೆ ತಮ್ಮ ಹೆಸರು ಅಂಟಿಕೊಳ್ಳುವುದು ಜಮ್ಷೆಡ್‌ಜಿ ಟಾಟಾ ಅವರಿಗೇ ಬೇಕಿರಲಿಲ್ಲ. ಕಾಗದಪತ್ರಗಳಲ್ಲಿ ಆ ಇಚ್ಛೆ ನಡೆಯಿತು. ಬೆಂಗಳೂರಿನ ಬಾಯಿ ಮಾತ್ರ ಕೇಳಲಿಲ್ಲ. ಇಂದಿಗೂ ಆಟೋದವರಿಗೆ, ಹೂವಿನ ಬುಟ್ಟಿ ಹೊತ್ತು ಬಸ್ಸು ಹತ್ತುವ ಅಜ್ಜಿಗೆ ಅದು ಟಾಟಾ ಇನ್‌ಸ್ಟಿಟ್ಯೂಟೇ.

ಜಮ್ಷೆಡ್‌ಜಿ ಹುಟ್ಟಿದ್ದು 1839ರಲ್ಲಿ, ಗುಜರಾತಿನ ನವಸಾರಿಯಲ್ಲಿ. ಅದು ಪಾರ್ಸಿ ಪುರೋಹಿತರ ಮನೆತನ. ಪೌರೋಹಿತ್ಯ ಬಿಟ್ಟು ವ್ಯಾಪಾರಕ್ಕಿಳಿದವರು ತಂದೆ ನಸರ್ವಾನ್‌ಜಿ. ಮಗ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ ತಂದೆಯ ವ್ಯಾಪಾರಕ್ಕೆ ಸೇರಿದ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಬೆಲೆ ಆಕಾಶಕ್ಕೇರಿತು. ಯುದ್ಧ ನಿಂತದ್ದೇ ತಡ, 1865ರಲ್ಲಿ ಕುಸಿದುಬಿತ್ತು. ಮುಂಬಯಿಯ ಎಷ್ಟೋ ಮನೆತನಗಳ ಜೊತೆಗೆ ಟಾಟಾ ಮನೆತನವೂ ಪೆಟ್ಟು ತಿಂದಿತು. ಮೂರು ವರ್ಷದ ಮೇಲೆ ಜಮ್ಷೆಡ್‌ಜಿ ಇಪ್ಪತ್ತೊಂದು ಸಾವಿರ ರೂಪಾಯಿ ಬಂಡವಾಳ ಹಾಕಿ ತಮ್ಮದೇ ವ್ಯಾಪಾರ ತೆರೆದರು. 1877ರ ಹೊಸವರ್ಷದ ದಿನ ನಾಗಪುರದಲ್ಲಿ ಎಂಪ್ರೆಸ್ ಮಿಲ್ ಶುರುವಾಯಿತು. ಮುಂಬಯಿ ಬಿಟ್ಟು ಅಷ್ಟು ದೂರ ಹೋಗಿ, ಜೌಗು ನೆಲಕ್ಕೆ ಮಣ್ಣು ತುಂಬಿಸಿ ಗಿರಣಿ ಕಟ್ಟುವವರನ್ನು ಕಂಡು ಅಲ್ಲಿನ ಸಾಹುಕಾರರೊಬ್ಬರು, ಈತ ಚಿನ್ನವನ್ನು ಮಣ್ಣಿಗೆ ಸುರಿಯುತ್ತಿದ್ದಾನೆ ಎಂದು ಸಾಲ ಕೊಡಲಿಲ್ಲವಂತೆ. ಗಿರಣಿ ಲಾಭ ಕಂಡ ಮೇಲೆ ಅದೇ ಸಾಹುಕಾರರು ಮಾತು ಹಿಂದಕ್ಕೆ ತೆಗೆದುಕೊಂಡರೆಂದೂ ಕತೆ ಇದೆ.

ಹೀಗೆ ಗಳಿಸಿದ ದುಡ್ಡನ್ನು ಅವರು ಕೊಟ್ಟ ರೀತಿಯಲ್ಲೂ ವರ್ತಕನ ಲೆಕ್ಕ ಇತ್ತು. 1892ರಲ್ಲಿ ವಿದೇಶಕ್ಕೆ ಓದಲು ಹೋಗುವವರಿಗಾಗಿ ನಿಧಿ ತೆರೆದರು. ಅದು ದಾನವಲ್ಲ, ಸಾಲ. ಓದಿ ಬಂದವರು ದುಡಿದು ತೀರಿಸಬೇಕು, ತೀರಿಸಿದ ದುಡ್ಡಿನಲ್ಲಿ ಮತ್ತೊಬ್ಬರು ಹೋಗಬೇಕು. ಆದರೆ ಎಷ್ಟು ಮಂದಿಯನ್ನು ಹಡಗು ಹತ್ತಿಸಲಾದೀತು? ಅಂಥ ಓದು ಇಲ್ಲಿಯೇ ಸಿಗಬೇಕು ಎಂಬ ಯೋಚನೆ ಬಲಿಯುತ್ತಾ ಹೋಯಿತು. ಪದವಿ ಹಂಚುವ ವಿಶ್ವವಿದ್ಯಾಲಯಗಳು ಆಗಲೇ ಇದ್ದವು. ಅವರಿಗೆ ಬೇಕಾದದ್ದು ಸಂಶೋಧನೆಗೆಂದೇ ಮೀಸಲಾದ ವಿಶ್ವವಿದ್ಯಾಲಯ. ಅದಕ್ಕೆಂದು ತಮ್ಮ ಸ್ವಂತ ಆಸ್ತಿಯ ಸುಮಾರು ಅರ್ಧವನ್ನೇ ಎತ್ತಿಟ್ಟರು. ಮುಂಬಯಿಯ ಕಟ್ಟಡಗಳೂ ಜಮೀನೂ ಸೇರಿ ಅದರ ಬೆಲೆ ಆ ಕಾಲಕ್ಕೆ ಸುಮಾರು 30 ಲಕ್ಷ ರೂಪಾಯಿ.

1893ರಲ್ಲಿ ಜಪಾನಿನಿಂದ ಹೊರಟ ಹಡಗಿನಲ್ಲಿ ಜೊತೆಗೆ ಪಯಣಿಸಿದ್ದ ಸಂನ್ಯಾಸಿಯೊಬ್ಬರನ್ನು ನೆನಪಿಟ್ಟುಕೊಂಡು, 1898ರ ನವೆಂಬರಿನಲ್ಲಿ ಈ ಯೋಜನೆಗೆ ಬೆಂಬಲ ಕೋರಿ ಅವರಿಗೊಂದು ಪತ್ರ ಬರೆದರು. ಆ ಸಂನ್ಯಾಸಿ ವಿವೇಕಾನಂದರು. ಆ ಪತ್ರದ ವಿಷಯ ಬಹಳ ಜನರಿಗೆ ಗೊತ್ತಿದೆ. ಅಷ್ಟಾಗಿ ಯಾರೂ ಹೇಳದಿರುವುದು ಆಮೇಲಿನ ಕಾಯುವಿಕೆಯನ್ನು.

ಅದೇ ವರ್ಷದ ಕೊನೆಯ ದಿನ, ಆಗತಾನೇ ಮುಂಬಯಿಗೆ ಬಂದಿಳಿದಿದ್ದ ವೈಸರಾಯ್ ಕರ್ಜನ್ ಮುಂದೆ ಯೋಜನೆಯನ್ನು ಇಡಲಾಯಿತು. ಇದಕ್ಕೆ ವಿದ್ಯಾರ್ಥಿಗಳು ಎಲ್ಲಿಂದ ಬರುತ್ತಾರೆ, ಓದಿದವರಿಗೆ ಕೆಲಸ ಎಲ್ಲಿದೆ ಎಂಬುದು ಅವರ ಸಂಶಯ. ಪರಿಶೀಲನೆಗೆ ಲಂಡನ್ನಿನಿಂದ ರಸಾಯನ ವಿಜ್ಞಾನಿ ವಿಲಿಯಂ ರ‍್ಯಾಮ್ಸೆ ಬಂದರು. ಊರೂರು ಸುತ್ತಿ, ಬೆಂಗಳೂರು ಸೂಕ್ತ ಎಂದರು. ಆಮೇಲೆ ಮತ್ತೊಂದು ಸಮಿತಿ, ಮತ್ತೊಂದು ವರದಿ. ಕೊಡುವ ಕೈ ಚಾಚಿಕೊಂಡೇ ಇದೆ, ತೆಗೆದುಕೊಳ್ಳಬೇಕಾದವರು ಯೋಚನೆ ಮಾಡುತ್ತಿದ್ದಾರೆ. ಹತ್ತಿಯ ಪೇಟೆಯಲ್ಲಿ ಗಳಿಗೆ ನೋಡಿ ಕೊಂಡು ಮಾರಿದ ಮನುಷ್ಯನಿಗೆ ಈ ವರ್ಷಗಳು ಎಷ್ಟು ದೀರ್ಘವಾಗಿ ಕಂಡಿರಬೇಕು!

ಬೆಂಗಳೂರು ಅವರಿಗೆ ಹೊಸದೇನಲ್ಲ. ಟಿಪ್ಪುವಿನ ಕಾಲದಲ್ಲಿ ಬೇರೂರಿದ್ದ ಮೈಸೂರು ಸೀಮೆಯ ರೇಷ್ಮೆ ಕೃಷಿ ಸೊರಗಿತ್ತು. ಅದನ್ನು ಚೇತರಿಸಲು ಜಮ್ಷೆಡ್‌ಜಿ ಇಲ್ಲಿ ರೇಷ್ಮೆ ತೋಟ ಮಾಡಿಸಿ, ಹುಳು ಸಾಕುವ ಕ್ರಮ ಕಲಿಸಲು ಜಪಾನಿನಿಂದಲೇ ತಿಳಿದವರನ್ನು ಕರೆಸಿದ್ದರು. ಮೈಸೂರು ಸರ್ಕಾರ ನೆಲ ಕೊಟ್ಟು ನೆರವಾಗಿತ್ತು. ಆ ತೋಟ ಈಗಿಲ್ಲ. ಆದರೆ ಬಸವನಗುಡಿಯ ದಕ್ಷಿಣಕ್ಕೆ ಹೋಗುವ ಬಸ್ಸುಗಳಿಗೆ 'ಟಾಟಾ ಸಿಲ್ಕ್ ಫಾರಂ' ಎಂಬ ನಿಲ್ದಾಣ ಈಗಲೂ ಇದೆ. ಒಂದು ಹಿಪ್ಪುನೇರಳೆ ಗಿಡವೂ ಕಾಣದ ಜಾಗದಲ್ಲಿ ಜನ ಆ ಹೆಸರು ಹೇಳಿ ಟಿಕೆಟ್ ಕೇಳುತ್ತಾರೆ. ಊರಿನ ಈ ತುದಿಗೊಂದು, ಆ ತುದಿಗೊಂದು ನಿಲ್ದಾಣ, ಎರಡರಲ್ಲೂ ಅದೇ ಮನುಷ್ಯನ ಹೆಸರು.

1904ರ ಮೇ 19ರಂದು ಜರ್ಮನಿಯ ಬಾಡ್ ನೌಹೈಮ್‌ನಲ್ಲಿ ಜಮ್ಷೆಡ್‌ಜಿ ತೀರಿಕೊಂಡರು. ಆಗ ಸಂಸ್ಥೆ ಇದ್ದದ್ದು ಕಾಗದದ ಮೇಲೆ ಮಾತ್ರ. ಮಕ್ಕಳಾದ ದೊರಾಬ್‌ಜಿ, ರತನ್‌ಜಿ ತಂದೆಯ ಮಾತನ್ನು ಉಳಿಸಿಕೊಂಡರು. ಸರ್ಕಾರದ ಆಜ್ಞೆ ಹೊರಟದ್ದು 1909ರ ಮೇ 27ರಂದು, ಅವರು ಕಣ್ಮುಚ್ಚಿ ಐದು ವರ್ಷವಾದ ಮೇಲೆ. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರ ಹಾಕಿದರು. ಅದೇ ವರ್ಷ ಜುಲೈನಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು, ರಸಾಯನ ವಿಜ್ಞಾನಕ್ಕೆ ಮತ್ತು ವಿದ್ಯುತ್ ತಂತ್ರಜ್ಞಾನಕ್ಕೆ. ವಿದ್ಯಾರ್ಥಿಗಳು ಎಲ್ಲಿಂದ ಬರುತ್ತಾರೆ ಎಂಬ ಹಳೆಯ ಪ್ರಶ್ನೆಗೆ ಉತ್ತರ ಸಿಗತೊಡಗಿದ್ದು ಆಗ. ಕಾನೂನಿನ ಲೆಕ್ಕದಲ್ಲಿ ವಿಶ್ವವಿದ್ಯಾಲಯದ ಸ್ಥಾನ ಸಿಗಲು ಇನ್ನೂ ತಡವಾಯಿತು, 1958ರವರೆಗೆ.

ಕಂಡಕ್ಟರ್ ಕೂಗುವ ಹೆಸರು ಕೇಳುವಾಗ ಸಂತೋಷದ ಜೊತೆಗೇ ಇನ್ನೊಂದು ಯೋಚನೆಯೂ ಬರುತ್ತದೆ. ಸಂಸ್ಥೆಗೆ ಸಿಕ್ಕ 371 ಎಕರೆ ನೆಲ ಮೈಸೂರು ಸಂಸ್ಥಾನದ್ದು. ಕಟ್ಟಡಕ್ಕೆಂದು ಐದು ಲಕ್ಷ ರೂಪಾಯಿ, ವರ್ಷವರ್ಷವೂ ಐವತ್ತು ಸಾವಿರ ಕೂಡ ಸಂಸ್ಥಾನದ್ದೇ. ಮೊದಲ ಮಾತುಕತೆ ನಡೆದಾಗ ರಾಜ್ಯದ ಹೊಣೆ ರಾಜಮಾತೆ ವಾಣಿವಿಲಾಸ ಸನ್ನಿಧಾನದವರ ಮೇಲಿತ್ತು, ದಿವಾನರು ಶೇಷಾದ್ರಿ ಅಯ್ಯರ್. ಇವರ ಹೆಸರುಗಳಾದರೂ ಆಸ್ಪತ್ರೆಯಾಗಿ, ರಸ್ತೆಯಾಗಿ, ಬಡಾವಣೆಯಾಗಿ ಬೇರೆಡೆ ಉಳಿದಿವೆ. ಬರ್ಜೋರ್‌ಜಿ ಪಾದಶಾ ಅವರದು ಎಲ್ಲಿದೆ? ಜಮ್ಷೆಡ್‌ಜಿಯ ಮಾತಿನಂತೆ ಹೊರದೇಶಗಳ ವಿಶ್ವವಿದ್ಯಾಲಯಗಳನ್ನು ಕಂಡು ಬಂದವರು ಅವರು. ಯೋಜನೆಯ ಕರಡು ಸಿದ್ಧಪಡಿಸಿದವರು, ಸರ್ಕಾರದ ಒಂದೊಂದು ಆಕ್ಷೇಪಣೆಗೂ ಉತ್ತರ ಬರೆದವರು, ಜಮ್ಷೆಡ್‌ಜಿ ಹೋದ ಮೇಲೂ ಬಿಡದೆ ಹಿಂದೆ ಬಿದ್ದವರು ಅವರೇ. ದುಡ್ಡು ಕೊಟ್ಟವರನ್ನು ನೆನೆಯುವುದು ಸುಲಭ, ಅರ್ಜಿ ಹಿಡಿದು ಮೆಟ್ಟಿಲು ಹತ್ತಿಳಿದವರನ್ನು ನೆನೆಯಲು ಒಂದು ಬಸ್ ನಿಲ್ದಾಣವೂ ಇಲ್ಲ.

ಸಂಸ್ಥೆಯ ಮುಖ್ಯ ಕಟ್ಟಡದ ಮುಂದೆ ಜಮ್ಷೆಡ್‌ಜಿಯ ಪ್ರತಿಮೆ ಇದೆ, ಗಿಲ್ಬರ್ಟ್ ಬೇಯ್ಸ್ ಎಂಬ ಶಿಲ್ಪಿ ಮಾಡಿದ್ದು. ಪಾರ್ಸಿ ಪೇಟ, ಗಡ್ಡ, ಕೈಯಲ್ಲಿ ಸಂಸ್ಥೆಯ ಕಟ್ಟಡದ ಪುಟ್ಟ ಮಾದರಿ. ಅವರು ಕಣ್ಣಾರೆ ಕಾಣದ ಕಟ್ಟಡವನ್ನು ಶಿಲ್ಪಿ ಅವರ ಕೈಗೆ ಕೊಟ್ಟಿದ್ದಾನೆ. ಬೆನ್ನಿಗೆ ಚೀಲ ಏರಿಸಿಕೊಂಡ ಆ ಹುಡುಗ ಅಂದು ಅದರ ಮುಂದೆಯೇ ಹಾದು ಹೋಗಿರಬಹುದು, ತನ್ನ ವಿಭಾಗ ಯಾವ ಕಡೆ ಎಂದು ಯಾರನ್ನೋ ಕೇಳುತ್ತಾ.