ಒಂದು ಬೀಗದ ಕೈ, ಐದು ಚೀಟಿ



ಕಂಪ್ಯೂಟರಿನಲ್ಲಿ ಅದೇನು ಕೆಲಸ ಮಾಡ್ತೀಯಪ್ಪ ಎಂದು ಬೆಳಿಗ್ಗೆಯಿಂದ ಹಲವರು ಕೇಳಿದ್ದೀರಿ. ಒಂದು ಖಾತೆಯಲ್ಲಿ 1000 ರೂಪಾಯಿ ಇದೆ ಎನ್ನಿ. ಅಪ್ಪ ಎಟಿಎಂನಲ್ಲಿ, ಮಗ ಫೋನಿನಲ್ಲಿ, ಒಂದೇ ಕ್ಷಣಕ್ಕೆ 800 ತೆಗೆಯಲು ಹೊರಟರೆ, ತಡೆಯಿಲ್ಲದಿದ್ದಲ್ಲಿ ಇಬ್ಬರಿಗೂ ‘ಹಣ ಇದೆ’ ಎಂದೇ ಕಾಣುತ್ತದೆ. ಆ ತಡೆ ಹಾಕುವುದು ನನ್ನಂಥವರ ಕೆಲಸ.

ಅದಕ್ಕೆ ಮ್ಯೂಟೆಕ್ಸ್ ಎಂಬ ಬೀಗವಿದೆ. ನಮ್ಮ ಲ್ಯಾಬಿನ ಬೀಗದ ಕೈ ಇದ್ದಂತೆ, ಒಯ್ದವರೇ ತಂದುಕೊಡಬೇಕು. ಒಳಗೆ ಐದು ಮೈಕ್ರೋಸ್ಕೋಪ್ ಇದ್ದು ಐವರನ್ನು ಬಿಡುವುದಾದರೆ ಐದು ಚೀಟಿ ಮಾಡಬೇಕು, ಅದು ಸೆಮಾಫೋರ್. ತೋಳೆತ್ತುವ ಹಳೆಯ ರೈಲ್ವೆ ಸಿಗ್ನಲ್ಲಿನ ಈ ಹೆಸರನ್ನು 1960ರ ದಶಕದಲ್ಲಿ ಕೊಟ್ಟವರು ಡಚ್ ವಿಜ್ಞಾನಿ ಡೈಕ್‌ಸ್ಟ್ರಾ. ಚೀಟಿಯನ್ನು ಯಾರು ಬೇಕಾದರೂ ಮರಳಿಸಬಹುದು. ಅದಕ್ಕೇ, ಹಣದ ಖಾತೆಗಾದರೆ ನಾನು ಬೀಗವನ್ನೇ ಆರಿಸುತ್ತೇನೆ.

ಬೀಗವೂ ಕಾಡುವುದುಂಟು. 1997ರಲ್ಲಿ ಮಂಗಳನ ಮೇಲಿಳಿದ ನಾಸಾದ ಪಾತ್‌ಫೈಂಡರ್ ಮತ್ತೆ ಮತ್ತೆ ರೀಸೆಟ್ ಆಗತೊಡಗಿತು. ಸಣ್ಣ ಕೆಲಸವೊಂದು ಬೀಗ ಹಿಡಿದಿತ್ತು. ನಡುವಿನ ಕೆಲಸ ಅದನ್ನು ಮುಗಿಸಲು ಬಿಡಲಿಲ್ಲ. ಎಲ್ಲಕ್ಕಿಂತ ತುರ್ತಿನದು ಬಾಗಿಲಲ್ಲೇ ನಿಂತಿತು. ತುರ್ತಿನವರು ಕಾಯುತ್ತಿದ್ದರೆ ಬೀಗ ಹಿಡಿದವನಿಗೂ ಅದೇ ಆದ್ಯತೆ ಕೊಡುವ ಸೌಲಭ್ಯವಿತ್ತು, ಆನ್ ಆಗಿರಲಿಲ್ಲ. ಎಂಜಿನಿಯರುಗಳು ಭೂಮಿಯಲ್ಲಿ ಕುಳಿತೇ ಅದನ್ನು ಆನ್ ಮಾಡಿದರು. ರೀಸೆಟ್ ನಿಂತಿತು.