ಗಿಡಗಳ ಲೆಕ್ಕ, ಹೊಲಗಳ ಲೆಕ್ಕ



ಜೀವವಿಜ್ಞಾನದಲ್ಲಿ ಸಹಸಂಬಂಧ ಗುಣಾಂಕದ ಬಳಕೆ ಈ ಸಂಕಿರಣದ ವಿಷಯ. ಕಲಬುರಗಿಯವರಾದ ನಮಗೆ ತೊಗರಿಗಿಂತ ಹತ್ತಿರದ ಉದಾಹರಣೆ ಬೇಕೇ? ಆಳಂದ, ಅಫಜಲಪುರ, ಜೇವರ್ಗಿಯ ರೈತರು ಬೆಳೆಯುವ ಈ ಬೆಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ತೊಗರಿಯ ಮೇಲಿನ ಪ್ರಬಂಧ ತೆರೆದರೆ ಕಾಯಿಗಳ ಸಂಖ್ಯೆಗೂ ಇಳುವರಿಗೂ, ಗಿಡದ ಎತ್ತರಕ್ಕೂ ಕೊಂಬೆಗಳಿಗೂ ಎಷ್ಟು ನಂಟು ಎಂಬ ಕೋಷ್ಟಕ ಇದ್ದೇ ಇರುತ್ತದೆ. ಅಂಕಿಗಳ ನೆತ್ತಿಯ ಮೇಲೆ ಒಂದೋ ಎರಡೋ ನಕ್ಷತ್ರ.

ಆ ಒಂದು ನಕ್ಷತ್ರ ಹೇಳುವುದು ಇಷ್ಟೇ: ಎರಡಕ್ಕೂ ನಿಜವಾಗಿ ನಂಟೇ ಇಲ್ಲದಿದ್ದರೆ, ಇಷ್ಟು ದೊಡ್ಡ ಗುಣಾಂಕ ಆಕಸ್ಮಿಕವಾಗಿ ಬರುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕಡಿಮೆ. ಈ ಪರೀಕ್ಷೆಗೆ ಬೇಕಾದ ಗಣಿತವನ್ನು ಸಂಖ್ಯಾಶಾಸ್ತ್ರಜ್ಞ ಫಿಶರ್ 1915ರಲ್ಲೇ ಕೊಟ್ಟರು. ಹತ್ತು ಮಾದರಿಗಳಿದ್ದರೆ ಗುಣಾಂಕ 0.632 ದಾಟಬೇಕು, ನೂರಿದ್ದರೆ 0.197 ಸಾಕು. ನಾನೂರಿದ್ದಾಗ 0.20ಕ್ಕೂ ಇನ್ನೂ ಕಟ್ಟುನಿಟ್ಟಾದ ಎರಡು ನಕ್ಷತ್ರ ಬೀಳುತ್ತದೆ. ಆದರೆ ಅದು ವಿವರಿಸುವುದು ಇಳುವರಿಯ ಏರುಪೇರಿನಲ್ಲಿ ಶೇ. 4ರಷ್ಟನ್ನು ಮಾತ್ರ.

ಹಾಗಾದರೆ ಎಲ್ಲವೂ ನಿಂತಿರುವುದು ಮಾದರಿಗಳ ಸಂಖ್ಯೆಯ ಮೇಲೆ. ನನ್ನ ಕಳವಳವೂ ಅಲ್ಲೇ ಇದೆ.

ನೆಟೆ ರೋಗ ಬಿದ್ದ ಹೊಲಕ್ಕೆ ಹೋಗಿ ನೋಡಿ. 2022ರ ಕೊನೆಗೆ ನಮ್ಮ ಜಿಲ್ಲೆಯ ರೈತರು ಕಣ್ಣೀರು ಹಾಕಿದ್ದು ಇದರಿಂದಲೇ. ಒಣಗಿದ ಗಿಡದ ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆಗಳು. ಅದರ ಪಕ್ಕದ ಗಿಡವೂ ಬಾಡಿರುತ್ತದೆ, ಅದರಾಚೆಯದ್ದೂ. ರೋಗದ ಶಿಲೀಂಧ್ರ ಮಣ್ಣಿನಲ್ಲೇ, ಹಳೆಯ ಕೂಳೆಯಲ್ಲೇ ಉಳಿದು, ತೇಪೆ ತೇಪೆಯಾಗಿ ಹರಡುತ್ತದೆ. ಹೀಗಿರುವಾಗ ಮೂರು ಹೊಲಗಳಲ್ಲಿ ನೂರು ನೂರು ಗಿಡ ಎಣಿಸಿ ಮಣ್ಣಿನ ತೇವಕ್ಕೂ ರೋಗಕ್ಕೂ ನಂಟು ಹುಡುಕಿದರೆ, ನಮ್ಮ ಬಳಿ ಇರುವುದು ಮುನ್ನೂರು ಸ್ವತಂತ್ರ ಸಾಕ್ಷಿಗಳಲ್ಲ, ಮೂರಕ್ಕಿಂತ ಅಷ್ಟೇನೂ ಹೆಚ್ಚಲ್ಲ. ಕಂಪ್ಯೂಟರಿಗೆ ಇದು ಗೊತ್ತಾಗುವುದಿಲ್ಲ. ಮುನ್ನೂರು ಎಂದು ಕೊಟ್ಟರೆ ಮುನ್ನೂರಕ್ಕೇ ನಕ್ಷತ್ರ ಹಾಕಿಕೊಡುತ್ತದೆ.

ಇನ್ನೊಂದು ತೊಡಕು ಬೇರೆ ಬೇರೆ ಮಣ್ಣಿನ ತಾಲ್ಲೂಕುಗಳ ಮಾಹಿತಿಯನ್ನು ಕಲಸುವುದು. ಆಳವಾದ ಎರೆಭೂಮಿಯಲ್ಲಿ ಗಿಡ ಎತ್ತರ, ಕಾಯಿಯೂ ಹೆಚ್ಚು. ಮಡ್ಡಿಯಲ್ಲಿ ಗಿಡ ಗಿಡ್ಡ, ಕಾಯಿಯೂ ಕಡಿಮೆ. ಎರಡೂ ಮಾಹಿತಿಯನ್ನು ಒಟ್ಟಿಗೆ ಸುರಿದರೆ ಎತ್ತರಕ್ಕೂ ಕಾಯಿಗೂ ಗಟ್ಟಿ ನಂಟು ಕಾಣುತ್ತದೆ; ಬೇರೆ ಬೇರೆ ನೋಡಿದರೆ ಏನೂ ಇಲ್ಲದಿರಬಹುದು. ಕಂಡದ್ದು ಗಿಡದ ಗುಣವಲ್ಲ, ಮಣ್ಣಿನ ಗುಣ. ನಮ್ಮ ಕಲ್ಯಾಣ ಕರ್ನಾಟಕದ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್, ಮಹಾಲನೋಬಿಸರೊಂದಿಗೆ ಸಂಯುಕ್ತ ಪ್ರಾಂತದ ಜನರ ದೇಹದ ಅಳತೆಗಳನ್ನು ವಿಶ್ಲೇಷಿಸಿದಾಗ ಗುಂಪುಗಳನ್ನು ಕಲಸಲಿಲ್ಲ. ಗುಂಪಿನೊಳಗಿನ ಸಹಸಂಬಂಧವನ್ನೇ ಆಧಾರವಾಗಿ ಹಿಡಿದರು. ಆ ಶಿಸ್ತು ನಮಗೆ ಪರಕೀಯವಲ್ಲ.

ಮೂರನೆಯ ತೊಡಕು ಜೋಡಿಗಳದ್ದು: ಗಿಡದ ಹನ್ನೆರಡು ಗುಣಗಳನ್ನು ಅಳೆದರೆ 66 ಜೋಡಿಗಳಾಗುತ್ತವೆ. ಯಾವುದಕ್ಕೂ ನಂಟಿಲ್ಲದಿದ್ದರೂ ಮೂರು ಜೋಡಿಗೆ ನಕ್ಷತ್ರ ಬೀಳುವುದು ಸಹಜ ಎಂಬುದನ್ನೂ ಮರೆಯಬಾರದು.

ಇಲ್ಲಿ ಪ್ರಬಂಧ ಮಂಡಿಸುವವರಲ್ಲಿ ನನ್ನ ವಿನಂತಿ: ಗುಣಾಂಕದ ಜೊತೆ ಚುಕ್ಕಿಗಳ ನಕ್ಷೆಯನ್ನೂ ತೋರಿಸಿ. ಎಷ್ಟು ಗಿಡ ಎಂಬುದರ ಮೊದಲು ಎಷ್ಟು ಹೊಲ ಎಂದು ಬರೆಯಿರಿ. ಶೇ. 95ರ ವಿಶ್ವಾಸಾಂತರವನ್ನೂ ಕೊಡಿ. ಹತ್ತು ಹೊಲಗಳಿಂದ 0.65 ಬಂದರೆ ನಕ್ಷತ್ರವೇನೋ ಸಿಗುತ್ತದೆ, ಆದರೆ ನಿಜವಾದ ಬೆಲೆ 0.03ರಿಂದ 0.91ರವರೆಗೆ ಎಲ್ಲಾದರೂ ಇರಬಹುದು. ಅಷ್ಟನ್ನೇ ನಂಬಿ ತಳಿ ಆರಿಸಿ ರೈತರಿಗೆ ಬೀಜ ಕೊಡುವ ಮುನ್ನ, ಮುಂದಿನ ಮುಂಗಾರಿನಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳ ಇನ್ನಷ್ಟು ಹೊಲಗಳಿಗೆ ಇಳಿಯೋಣ.