ಸುತ್ತಿಗೆಯ ಕೆಳಗೆ ಒಂದು ತಾಮ್ರದ ಬಟ್ಟಲು

(ಭಾನುವಾರ ಸಂಜೆಯ ಕೂಟದಲ್ಲಿ ಆಡಿದ ಮಾತುಗಳ ಬರಹ)



ಈ ಮೇಜಿನ ಮೇಲೆ ಇಟ್ಟಿರುವ ಚಿಕ್ಕ ತಾಮ್ರದ ಬಟ್ಟಲನ್ನು ನೀವು ಒಳಗೆ ಬರುವಾಗಲೇ ನೋಡಿದ್ದೀರಿ. ಅದರ ಅಂಚು ಒಂದು ಕಡೆ ಸೊಟ್ಟಗಿದೆಯಲ್ಲಾ ಎಂದು ಹಿಂದಿನ ಸಾಲಿನ ಅಜ್ಜಿಯೊಬ್ಬರು ಆಗಲೇ ಹೇಳಿಬಿಟ್ಟರು. ನಿಜ ಅಜ್ಜೀ, ಆ ಸೊಟ್ಟ ನಮ್ಮದೇ. ಉಳಿದದ್ದರಲ್ಲಿ ಎಷ್ಟು ನಮ್ಮ ಕೈಯದು, ಎಷ್ಟು ಬೇರೆಯವರ ಕೈಯದು ಎಂಬುದನ್ನು ಹೇಳುವುದಕ್ಕೇ ಇದನ್ನು ತಂದಿದ್ದೇವೆ.

ನಾವು ಮೂವರು ಜಪಾನ್ ದೇಶಕ್ಕೆ ಹೋಗಿದ್ದಾಗ ನೀಗಾತಾ ಪ್ರಾಂತದ ತ್ಸುಬಾಮೆ ಎಂಬ ಊರನ್ನು ನೋಡಿ ಬಂದೆವು. ತ್ಸುಬಾಮೆ ಎಂದರೆ ಅವರ ಭಾಷೆಯಲ್ಲಿ ಸೂರಿನ ಕೆಳಗೆ ಮಣ್ಣಿನ ಗೂಡು ಕಟ್ಟುವ ಅಂಬರಗುಬ್ಬಿ. ಸುತ್ತಲೂ ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ. ಇಂಥ ಗದ್ದೆಯ ನಾಡಿನಲ್ಲಿ ಮನೆಮನೆಯಲ್ಲಿ ಸುತ್ತಿಗೆಯ ಸದ್ದು ಹೇಗೆ ಹುಟ್ಟಿತು ಎಂದು ನಮಗೆ ಆಶ್ಚರ್ಯವಾಯಿತು. ಕಾರಣ ನೀರು. ಜಪಾನಿನ ಅತಿ ಉದ್ದದ ನದಿಯಾದ ಶಿನಾನೊ, 367 ಕಿಲೋಮೀಟರ್ ಹರಿದು, ಈ ಬಯಲಿನ ಮೂಲಕ ಸಮುದ್ರಕ್ಕೆ ಸೇರುತ್ತದೆ. ಅದು ಮತ್ತೆಮತ್ತೆ ದಂಡೆ ಮೀರಿ ಪೈರನ್ನು ಕೊಚ್ಚಿಕೊಂಡು ಹೋಗುತ್ತಿತ್ತು. 1896ರಲ್ಲಿ ದಂಡೆ ಒಡೆದಾಗ ಬಯಲಿನ ದೊಡ್ಡ ಭಾಗ ನೀರಿನಡಿ ಮುಳುಗಿತು. ನೀರನ್ನು ಬೇರೆ ದಾರಿಯಿಂದ ಸಮುದ್ರಕ್ಕೆ ಬಿಡುವ ಓಕೋಝು ಕಾಲುವೆಯಲ್ಲಿ ಮೊದಲು ನೀರು ಹರಿದದ್ದು 1922ರಲ್ಲಿ. ಅದಕ್ಕೂ ಮುಂಚಿನ ಮುನ್ನೂರು ವರ್ಷಗಳಲ್ಲಿ ಬೆಳೆ ಕೈಕೊಟ್ಟ ರೈತ ಏನು ಮಾಡಬೇಕು? ಅವನು ಮೊಳೆ ಬಡಿದ.

ಹೌದು, ಕಬ್ಬಿಣದ ಮೊಳೆ. 1600ರ ದಶಕಗಳಿಂದ ಅಲ್ಲಿನ ರೈತರು ಬಿಡುವಿನ ಕಾಲದಲ್ಲಿ ಕುಲುಮೆ ಹಚ್ಚಿ ಒಂದೊಂದೇ ಮೊಳೆಯನ್ನು ಕಾಯಿಸಿ ಬಡಿದು ಚೌಕವಾಗಿ ಮಾಡುತ್ತಿದ್ದರು. ಆಗ ಎದೋ ಎನಿಸಿಕೊಂಡಿದ್ದ ಇಂದಿನ ಟೋಕಿಯೋ ನಗರದಲ್ಲಿ ಮರದ ಮನೆಗಳು ಆಗಾಗ ಬೆಂಕಿಗೆ ಆಹುತಿಯಾಗುತ್ತಿದ್ದವು. ಮತ್ತೆ ಕಟ್ಟಲು ಮೊಳೆ ಬೇಕಾಗುತ್ತಿತ್ತು. ಒಂದು ಊರಿನ ಬೆಂಕಿ ಇನ್ನೊಂದು ಊರಿನ ಒಲೆ ಹಚ್ಚುವುದು ನಮಗೆ ಸ್ವಲ್ಪ ಕಸಿವಿಸಿಯಾದ ಸಂಗತಿಯೇ. ಆದರೆ ಹಾಗೆಯೇ ನಡೆಯಿತು. ಹತ್ತಿರದ ಯಾಹಿಕೊ ಬೆಟ್ಟದ ಕಡೆ ತಾಮ್ರ ಸಿಕ್ಕ ಮೇಲೆ, 1700ರ ದಶಕಗಳಲ್ಲಿ, ತಾಮ್ರದ ಹಾಳೆಯನ್ನು ಬಡಿದು ಪಾತ್ರೆ ಎಬ್ಬಿಸುವ ವಿದ್ಯೆಯೂ ಬಂತು. ಈ ವಿದ್ಯೆಗೆ ಅವರು ತ್ಸುಯಿಕಿ ಎನ್ನುತ್ತಾರೆ. 1816ರಲ್ಲಿ ಆರಂಭವಾದ ಗ್ಯೊಕುಸೆಂದೋ ಎಂಬ ಕಾರ್ಯಾಗಾರ ಇಂದಿಗೂ ಅದೇ ಕೆಲಸ ಮಾಡುತ್ತಿದೆ.

ಈ ಊರಿನಲ್ಲಿ ಹೊರಗಿನವರಿಗೂ ಕೈಗೆ ಸುತ್ತಿಗೆ ಕೊಟ್ಟು ಕೂರಿಸುವ ಕಮ್ಮಟಗಳಿವೆ. ಅಂಥ ಒಂದರಲ್ಲಿ ನಾವು ಕೂತೆವು. ನಮಗೆ ಮಾಡಲು ಕೊಟ್ಟದ್ದು ಗುಯಿನೊಮಿ, ಅಂದರೆ ಅಕ್ಕಿಯಿಂದ ತಯಾರಿಸುವ ಸಾಕೆ ಎಂಬ ಮದ್ಯ ಕುಡಿಯುವ ಪುಟ್ಟ ಬಟ್ಟಲು. ಅಕ್ಕಂದಿರೇ, ಮುಖ ಗಂಟಿಕ್ಕಬೇಡಿ. ಸಂಬಳದ ದಿನ ಸಂಜೆ ನಮ್ಮ ಲೈನುಗಳಲ್ಲಿ ಏನಾಗುತ್ತದೆಂದು ನಮಗೂ ಗೊತ್ತು. ಈ ಬಟ್ಟಲಿಗೆ ಇದುವರೆಗೆ ನೀರು ಬಿಟ್ಟು ಬೇರೇನೂ ಬಿದ್ದಿಲ್ಲ.

ಕೆಲಸಗಾರರು ಕೂರುವುದು ಝೆಲ್ಕೋವಾ ಜಾತಿಯ ಗಟ್ಟಿ ಮರದ ದಿಮ್ಮಿಯ ಮೇಲೆ. ದಿಮ್ಮಿಯಲ್ಲಿ ತೂತುಗಳಿದ್ದು, ಅವುಗಳಲ್ಲಿ ಕಬ್ಬಿಣದ ಉದ್ದನೆಯ ಗೂಟಗಳನ್ನು ಸಿಕ್ಕಿಸುತ್ತಾರೆ. ಗೂಟದ ತುದಿ ಹಕ್ಕಿಯ ಕೊಕ್ಕಿನಂತಿರುವುದರಿಂದ ಅದಕ್ಕೆ ಹಕ್ಕಿಯ ಬಾಯಿ ಎಂದೇ ಹೆಸರು. ಒಂದೊಂದು ಬಾಗಿಗೆ ಒಂದೊಂದು ಗೂಟ. ಗೋಡೆಯ ಮೇಲೆ ನೂರಾರು ಇದ್ದವು. ಬಟ್ಟಲನ್ನು ಬೋರಲಾಗಿ ಅದಕ್ಕೆ ಏರಿಸಿ ಹೊರಗಿನಿಂದ ಬಡಿಯಬೇಕು. ಬಲಗೈಯ ಸುತ್ತಿಗೆ ಬೀಳುವ ಜಾಗ ಬದಲಾಗಬಾರದು. ತಿರುಗಬೇಕಾದದ್ದು ಎಡಗೈಯಲ್ಲಿರುವ ಬಟ್ಟಲು. ಒಳಗೆ ಗೂಟ ತಾಮ್ರಕ್ಕೆ ತಾಗಿರುವ ಕಡೆಯೇ ಪೆಟ್ಟು ಬಿದ್ದರೆ ಠಣ್ ಎಂಬ ತುಂಬಿದ ಸದ್ದು. ಒಂದೆಳೆ ಆಚೆ ಬಿದ್ದರೆ ಡಬ್ ಎಂಬ ಪೊಳ್ಳು ಸದ್ದು, ಕೂಡಲೇ ಒಂದು ಕುಳಿ. ನಮಗೆ ಕಲಿಸಿದ ಹಿರಿಯರು ನಮ್ಮ ಕಡೆ ನೋಡದೆ ತಮ್ಮ ಕೆಲಸ ಮಾಡುತ್ತಲೇ ಕೂತಿದ್ದರು. ಪೊಳ್ಳು ಸದ್ದು ಬಂದಾಗ ಮಾತ್ರ ತಲೆ ಎತ್ತುತ್ತಿದ್ದರು. ಬಹಳ ಸಲ ಎತ್ತಬೇಕಾಯಿತು.

ಸುತ್ತಿಗೆಯ ಮುಖ ಕನ್ನಡಿಯಂತೆ ಹೊಳೆಯುತ್ತಿತ್ತು. ಆ ಮುಖದಲ್ಲಿ ಕೂದಲೆಳೆಯಷ್ಟು ಗೀರಿದ್ದರೂ ಪ್ರತಿ ಪೆಟ್ಟಿಗೂ ಅದು ತಾಮ್ರದ ಮೇಲೆ ಅಚ್ಚೊತ್ತುತ್ತದೆ.

ಅರ್ಧ ಗಂಟೆಗೆ ನಮ್ಮ ಮಣಿಕಟ್ಟು ಸೋತು ಹೋಯಿತು. ಆಗ ಒಂದು ಪೆಟ್ಟು ಜಾರಿ ಅಂಚಿಗೆ ಬಿತ್ತು. ಅದೇ ಈ ಸೊಟ್ಟ. ಹಿರಿಯರು ಬಂದು ನೋಡಿ ನಾಲ್ಕು ಪೆಟ್ಟಿನಲ್ಲಿ ಮುಕ್ಕಾಲು ಸರಿಮಾಡಿ, ಕಾಲು ಭಾಗವನ್ನು ಹಾಗೆಯೇ ಬಿಟ್ಟರು. ಬೇಕೆಂದೇ ಬಿಟ್ಟರೋ ಏನೋ, ಕೇಳುವ ಧೈರ್ಯ ನಮಗಾಗಲಿಲ್ಲ.

ಈಗ ಮುಖ್ಯವಾದ ಮಾತು. ನಮ್ಮ ಕೈಗೆ ಬಂದಾಗಲೇ ಅದು ಬಟ್ಟಲಿನ ಆಕಾರದಲ್ಲಿತ್ತು. ಅದಕ್ಕೆ ಮೊದಲು ಅದು ಚಪ್ಪಟೆಯಾದ ತಾಮ್ರದ ಬಿಲ್ಲೆ. ಬಿಲ್ಲೆಯನ್ನು ಮರದ ಕುಳಿಯಲ್ಲಿಟ್ಟು ಬಡಿದು ತಟ್ಟೆಯಂತೆ ಬಾಗಿಸಬೇಕು. ಆಮೇಲೆ ಅಂಚನ್ನು ಸುತ್ತಲೂ ಬಡಿಯುತ್ತಾ ಒಳಕ್ಕೆ ಕೂಡಿಸಿ ಮೇಲೆಬ್ಬಿಸಬೇಕು, ಒಂದು ಸುಕ್ಕೂ ಮಡಿಕೆಯಾಗಬಾರದು. ಹೀಗೆ ಬಡಿಯುತ್ತಾ ಹೋದಂತೆ ತಾಮ್ರ ಗಡುಸಾಗುತ್ತದೆ. ಮಕ್ಕಳೇ, ಲೈಟು ಹಾಕಲು ಬಂದವರು ಎಸೆದ ತಾಮ್ರದ ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ನೋಡಿ. ಮೊದಲು ಮೆತ್ತಗೆ, ಆಮೇಲೆ ಬಿರುಸು, ಕೊನೆಗೆ ಪಟಕ್ಕನೆ ಮುರಿಯುತ್ತದೆ. ಬಟ್ಟಲೂ ಹಾಗೆಯೇ ಸೀಳುತ್ತದೆ. ಅದಕ್ಕೇ ಕೆಲಸಗಾರ ನಡುವೆ ನಿಲ್ಲಿಸಿ ಅದನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾನೆ. ಕಾದರೆ ಮತ್ತೆ ಮೆತ್ತಗಾಗುತ್ತದೆ. ನಮ್ಮ ಕಮ್ಮಾರ ಕವಾತು ಕತ್ತಿಯನ್ನು ಕಾಯಿಸಿ ನೀರಿಗೆ ಅದ್ದುವುದು ಗಡುಸಾಗಲೆಂದು. ತಾಮ್ರವನ್ನು ಕಾಯಿಸಿ ನೀರಿಗೆ ಅದ್ದಿದರೂ ಅದು ಮೆತ್ತಗೇ ಇರುತ್ತದೆ. ಕಬ್ಬಿಣದ ಗುಣವೇ ಬೇರೆ, ತಾಮ್ರದ ಗುಣವೇ ಬೇರೆ. ಮತ್ತೆ ಬಡಿ, ಮತ್ತೆ ಕಾಯಿಸು. ಕೊಳವೆಯೂ ಸೇರಿ ಒಂದೇ ಹಾಳೆಯಿಂದ ಎಬ್ಬಿಸುವ ನೀರಿನ ಕೆಟಲನ್ನು ಹೀಗೆ ಎಷ್ಟೋ ಸಲ ಬೆಂಕಿಗೆ ಹಾಕಬೇಕು. ಅಂಥ ಕೆಟಲು ಮಾಡುವ ಕೈ ಪಳಗಲು ವರ್ಷಗಟ್ಟಲೆ ಬೇಕು.

ಮುಗಿದ ಬಟ್ಟಲನ್ನು ನಾವು ಮೂವರೂ ಎತ್ತಿ ಹಿಡಿದು, ನಾವು ಮಾಡಿದ್ದು ಎಂದು ಫೋಟೋ ತೆಗೆಸಿಕೊಂಡೆವು. ರಾತ್ರಿ ಮಲಗುವಾಗ ಮನಸ್ಸಿಗೆ ಚುಚ್ಚಿತು. ಕಷ್ಟದ ಕೆಲಸವನ್ನೆಲ್ಲಾ ಯಾರೋ ಮುಗಿಸಿಟ್ಟಿದ್ದರು. ಕೊನೆಯ ಒಂದು ಗಂಟೆಯ ಗುರುತು ಮಾತ್ರ ನಮ್ಮದು. ತೋಟಕ್ಕೆ ಬಂದ ಪ್ರವಾಸಿಗಳು ಬುಟ್ಟಿ ಬೆನ್ನಿಗೆ ಹಾಕಿ ನಾಲ್ಕು ಚಿಗುರು ಕಿತ್ತು ಫೋಟೋ ತೆಗೆಸಿಕೊಳ್ಳುವಾಗ ನಾವು ನಗುತ್ತೇವಲ್ಲಾ, ಆ ದಿನ ತ್ಸುಬಾಮೆಯಲ್ಲಿ ನಾವೇ ಆ ಪ್ರವಾಸಿಗಳು.

ಇಷ್ಟು ಪಳಗಿದ ಕೈಗಳಿಗೂ ಕಷ್ಟ ತಪ್ಪಲಿಲ್ಲ. 1868ರಲ್ಲಿ ಮೇಜಿ ಆಳ್ವಿಕೆ ಬಂದ ನಂತರ ಪಶ್ಚಿಮ ದೇಶಗಳಿಂದ ಯಂತ್ರದ ದುಂಡು ಮೊಳೆ ಬಂತು. ತಂತಿಯನ್ನು ಕತ್ತರಿಸಿ ತಲೆ ಒತ್ತಿದರಾಯಿತು, ಅಗ್ಗ. ಎರಡೂವರೆ ಶತಮಾನದ ಕುಲದ ಕೆಲಸ ಕೆಲವೇ ದಶಕಗಳಲ್ಲಿ ಕುಸಿಯಿತು. ಕುಲುಮೆಯವರು ತಾಮ್ರದ ಪಾತ್ರೆಗೆ, ಅರಕ್ಕೆ, ತಂಬಾಕು ಸೇದುವ ಕೊಳವೆಗೆ ತಿರುಗಿದರು. ಎಲ್ಲ ಕುಲುಮೆಗಳೂ ದಾಟಲಿಲ್ಲ. 1911ರಲ್ಲಿ ಟೋಕಿಯೋದ ವ್ಯಾಪಾರಿಯೊಬ್ಬರಿಂದ ಚಮಚ, ಮುಳ್ಳುಚಮಚಗಳ ಬೇಡಿಕೆ ಬಂತು. ಅನ್ನಕ್ಕೆ ಕಡ್ಡಿ ಹಿಡಿಯುವ ಜನ, ತಾವು ಬಳಸದ ಮುಳ್ಳುಚಮಚವನ್ನು ಕೈಯಲ್ಲೇ ಬಡಿದು ಕೊಟ್ಟರು. ಮೊದಲ ಮಹಾಯುದ್ಧದ ಕಾಲಕ್ಕೆ ಅದೇ ಊರಿನ ಅನ್ನವಾಯಿತು. 1959ರಲ್ಲಿ ಅಮೆರಿಕ ತನ್ನ ದೇಶಕ್ಕೆ ಬರುವ ಸ್ಟೇನ್‌ಲೆಸ್ ಚಮಚಗಳಿಗೆ ಮಿತಿ ಹಾಕಿತು, 1985ರ ನಂತರ ಯೆನ್ ನಾಣ್ಯದ ಬೆಲೆ ಏರಿ ಹೊರದೇಶದ ಗಿರಾಕಿಗಳು ಕಡಮೆಯಾದರು. ಆದರೂ 1991ರಲ್ಲಿ ನೊಬೆಲ್ ಬಹುಮಾನದ ಔತಣಕ್ಕೆ ಚಮಚಗಳು ಹೋದದ್ದು ಇದೇ ಊರಿನಿಂದ.

ನಮ್ಮ ತರುಣರು ಆಗಾಗ ಕೇಳುತ್ತಾರೆ: ಕೈಕೆಲಸ ಕಲಿಯುವುದೆಂದರೆ ಓದು ತಲೆಗೆ ಹತ್ತದವರ ಪಾಡಲ್ಲವೇ ಎಂದು. 2010ರಲ್ಲಿ ಜಪಾನ್ ಸರ್ಕಾರವು ಈ ಊರಿನ ತಾಮ್ರದ ಮನೆತನಕ್ಕೆ ಸೇರಿದ ತಮಾಗಾವಾ ನೋರಿಯೊ ಎಂಬವರನ್ನು, ಲೋಹವನ್ನು ಸುತ್ತಿಗೆಯಿಂದ ಬಡಿದು ರೂಪಿಸುವ ವಿದ್ಯೆಗಾಗಿ, ದೇಶದ ಜೀವಂತ ನಿಧಿ ಎಂದು ಸಾರಿತು. ಆದರೆ ಒಬ್ಬರಿಗೆ ಬಂದ ಮನ್ನಣೆಯಿಂದ ಎಲ್ಲರ ಮನೆಯ ಒಲೆ ಉರಿಯುವುದಿಲ್ಲ. ಅದನ್ನು ಹೇಳದೆ ಬಿಟ್ಟರೆ ನಿಮಗೆ ಮೋಸ ಮಾಡಿದಂತೆ. ತರುಣರ ಪ್ರಶ್ನೆಗೆ ನಮ್ಮ ಬಳಿ ಪೂರ್ತಿ ಉತ್ತರವಿಲ್ಲ. ಮೊಳೆ ಹೋದಾಗ ಆ ಜನಕ್ಕೆ ಉಳಿದದ್ದು ಬಡಿಯಲು ಬರುವ ಕೈ, ಅದರಿಂದಲೇ ಅವರು ಚಮಚಕ್ಕೆ ದಾಟಿದರು, ಇಷ್ಟನ್ನು ನಾವು ಕಂಡು ಬಂದಿದ್ದೇವೆ.

ಕೂಟ ಮುಗಿದ ಮೇಲೆ ಮಕ್ಕಳು ಬಂದು ಬಟ್ಟಲನ್ನು ಕೈಯಲ್ಲಿ ಹಿಡಿದು ನೋಡಲಿ. ಒಳಗೆ ಬೆಳ್ಳಗಿರುವುದು ತವರ, ನಮ್ಮ ಹಂಡೆಗಳಿಗೆ ಹಾಕಿಸುತ್ತಿದ್ದ ಕಲಾಯಿಯಂತೆಯೇ. ಹೊರಮೈಯ ಗುರುತುಗಳ ಮೇಲೆ ಬೆರಳಾಡಿಸಿ, ಯಾವ ಪೆಟ್ಟು ನಮ್ಮದು, ಯಾವುದು ಆ ಹಿರಿಯರದು ಎಂದು ಗುರುತಿಸಿ ನೋಡಿ, ಸುಲಭವಾಗಿ ಸಿಗುತ್ತದೆ. ಬಿಸಿ ಚಹಾ ಮಾತ್ರ ಹಾಕಬೇಡಿ. ತಾಮ್ರ, ಕೈ ಸುಡುತ್ತದೆ.